ಗೂಟ ಒಪ್ಪದ ಗೆಲುವು

ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವನ ತಾಯಿ ಒಬ್ಬಳೇ, ಅದೂ ಸಿಟ್ಟು ಬಂದಾಗ ಮಾತ್ರ. ಉಳಿದ ನಮಗೆಲ್ಲ ಅವನು ಗೂಟ. ಬ್ಯಾಟು ಹಿಡಿದು ಒಮ್ಮೆ ಕ್ರೀಸಿನಲ್ಲಿ ನಿಂತನೆಂದರೆ ನೆಲಕ್ಕೆ ಹೊಡೆದ ಗೂಟದ ಹಾಗೆ, ಅಲುಗಾಡುತ್ತಿರಲಿಲ್ಲ. ರನ್ನು ಬರುತ್ತಿತ್ತೇ ಎಂದು ಕೇಳಬೇಡಿ. ಬರುತ್ತಿರಲಿಲ್ಲ. ಸುಲಭಕ್ಕೆ ಔಟೂ ಆಗುತ್ತಿರಲಿಲ್ಲ, ಅಷ್ಟೇ.

ಗಾಜಿನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವನ ಮೇಜು, ನನ್ನ ಮೇಜು ಅಕ್ಕಪಕ್ಕ. ತಣ್ಣಗಾಗಿ ಬಂದ ಜಾಡಿಗಳನ್ನು ಅವನು ಉಗುರಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಸದ್ದು ಸರಿಯಿದ್ದರೆ ನನ್ನ ಕಡೆ ತಳ್ಳುತ್ತಿದ್ದ, ನಾನು ಕಾಗದ ಸುತ್ತಿ ಪೆಟ್ಟಿಗೆಗೆ ಇಳಿಸುತ್ತಿದ್ದೆ. ಸದ್ದು ಒಡೆದಿದ್ದರೆ ಜಾಡಿ ಅಂಗಳದ ಒಡಕು ತೊಟ್ಟಿಗೆ ಹೋಗುತ್ತಿತ್ತು, ಅಲ್ಲಿಂದ ಕುಲುಮೆಗೆ ಹೋಗಿ ಮತ್ತೆ ಕರಗುತ್ತಿತ್ತು. ಮೇಜಿನ ಹತ್ತಿರ ಅವನ ಸಿಟ್ಟು ಕೂಗಾಡುವ ಸಿಟ್ಟಲ್ಲ. ಬೆಳಿಗ್ಗೆ ಅವನು ಜಾಡಿ ತಟ್ಟುವ ರೀತಿ ನೋಡಿಯೇ ಇವತ್ತು ಮಾತಾಡಿಸಬಹುದೋ ಬೇಡವೋ ಎಂದು ನಾನು ತೀರ್ಮಾನ ಮಾಡುತ್ತಿದ್ದೆ. ಬಹಳ ದಿನ ಬೇಡ ಎಂದೇ ಆಗುತ್ತಿತ್ತು.

ಸಿಟ್ಟಿಗೆ ಕಾರಣವಿತ್ತು. ಹರೆಯದಲ್ಲಿ ಅವನು ಕುಲುಮೆಯ ಆಳು. ಕಾರ್ಖಾನೆಯಲ್ಲಿ ಅವನಷ್ಟು ವೇಗವಾಗಿ ಬಾಲು ಹಾಕುವವರು ಇರಲಿಲ್ಲ. ಒಂದು ದಿನ ಅಚ್ಚು ಬಾಯಿಬಿಟ್ಟು ಕರಗಿದ ಗಾಜು ಅವನ ಬಲ ಹೆಗಲ ಮೇಲೆ ಬಿತ್ತು. ಜೀವ ಉಳಿಯಿತು, ಆದರೆ ತೋಳು ಕಿವಿಯಿಂದ ಮೇಲಕ್ಕೆ ಏಳಲೇ ಇಲ್ಲ. ಆಸ್ಪತ್ರೆಯಿಂದ ಬಂದವನನ್ನು ಪ್ಯಾಕಿಂಗಿಗೆ ಹಾಕಿದರು. ಹಗುರ ಕೆಲಸ ಎಂದರು. ನಮ್ಮ ವಿಭಾಗ ಇದ್ದದ್ದೇ ಅದಕ್ಕೆ. ಕುಲುಮೆ ಹೀರಿಕೊಂಡು ಉಗುಳಿದವರೆಲ್ಲ ನಮ್ಮಲ್ಲಿಗೆ ಬರುತ್ತಿದ್ದರು. ಕೆಮ್ಮು ಹತ್ತಿದವರು, ಕಣ್ಣು ಮಂಜಾದವರು, ಸೊಂಟ ಬಿದ್ದವರು, ಜೊತೆಗೆ ನನ್ನಂಥ ಹುಟ್ಟು ಸೋಮಾರಿಗಳು ಒಂದಿಬ್ಬರು.

ವರ್ಷಕ್ಕೊಮ್ಮೆ ಕುಲುಮೆಗೂ ಪ್ಯಾಕಿಂಗಿಗೂ ಕ್ರಿಕೆಟ್ ನಡೆಯುತ್ತಿತ್ತು. ನಮ್ಮ ಅಪ್ಪಂದಿರ ಕಾಲದಿಂದ ಬಂದ ಪದ್ಧತಿ. ಬೆಳಿಗ್ಗೆ ಶುರು, ಸಂಜೆಯ ಸೈರನ್ನಿಗೆ ಮುಗಿತಾಯ. ಓವರುಗಳ ಮಿತಿಯಿಲ್ಲ. ಒಂದು ತಂಡ ಸಾಕೆನಿಸುವಷ್ಟು ಆಡಿ ಬ್ಯಾಟಿಂಗ್ ಬಿಟ್ಟುಕೊಡಬೇಕು, ಇನ್ನೊಂದು ತಂಡ ಅದನ್ನು ಮೀರಿಸಬೇಕು. ಮೀರಿಸಲಾಗದಿದ್ದರೂ ಸೈರನ್ ಕೂಗುವವರೆಗೆ ಎಲ್ಲರೂ ಔಟಾಗದೆ ಉಳಿದರೆ ಆಟ ಡ್ರಾ. ಮೂರು ಪಾಳಿಗಳ ಗಟ್ಟಿಮುಟ್ಟಾದ ಆಳುಗಳಿಂದ ಹನ್ನೊಂದು ಜನರನ್ನು ಆರಿಸುತ್ತಿದ್ದ ಕುಲುಮೆಗೆ ನಾವು ಯಾವ ಲೆಕ್ಕ? ಪ್ರತಿ ವರ್ಷ ಸೋಲುತ್ತಿದ್ದೆವು. ಚಹಾ ಹೊತ್ತಿಗಿಂತ ಮುಂಚೆ ಸೋತರೆ ಬೇಗ ಮನೆ ಸೇರಬಹುದು ಎಂದು ನಮ್ಮವರಲ್ಲೇ ಕೆಲವರು ಖುಷಿಪಡುತ್ತಿದ್ದರು.

ಒಂದೇ ಒಂದು ಸಲ ನಾವು ಸೋಲಲಿಲ್ಲ. ಅವತ್ತು ಗೂಟ ಊಟದ ಹೊತ್ತಿಗೆ ಬ್ಯಾಟು ಹಿಡಿದು ಹೋದವನು ಸೈರನ್ ಕೂಗಿದಾಗ ಹಾಗೇ ತಿರುಗಿ ಬಂದ. ಪ್ಯಾಕಿಂಗಿನಲ್ಲಿ ಇವತ್ತಿಗೂ ಅದನ್ನು ಸೋಲದ ದಿನ ಎನ್ನುತ್ತೇವೆ. ಕುಲುಮೆಯವರು ನಿದ್ದೆಯ ದಿನ ಎನ್ನುತ್ತಾರೆ.

ಆ ದಿನ ಅವನಿಗೆ ಬಾಲು ಹಾಕಿ ಹಾಕಿ ಸುಸ್ತಾದವನು ಅವನ ಸ್ವಂತ ತಮ್ಮ. ಅವನನ್ನು ನಾವು ಕಿಡಿ ಎನ್ನುತ್ತಿದ್ದೆವು. ಅಣ್ಣನ ಹೆಗಲು ಸುಟ್ಟ ಮೇಲೆ ಕುಲುಮೆಯಲ್ಲಿ ಅಣ್ಣನ ಜಾಗಕ್ಕೆ ಬಂದವನು, ಮುಂದೆ ಅವರ ತಂಡದ ನಾಯಕನೂ ಆದ. ಇಬ್ಬರ ಸಂಸಾರವೂ ಒಂದೇ ಮನೆಯ ಎರಡು ಭಾಗಗಳಲ್ಲಿತ್ತು. ನಡುವೆ ಒಂದು ಅಂಗಳ, ಒಂದು ನಲ್ಲಿ, ಒಬ್ಬ ತಾಯಿ. ತಾಯಿ ಇಬ್ಬರ ಮನೆಯಲ್ಲೂ ಉಣ್ಣುತ್ತಿದ್ದಳು, ಇಬ್ಬರಿಗೂ ಬೈಯುತ್ತಿದ್ದಳು.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದರು. ನಗುಮುಖದ ಮನುಷ್ಯ. ಎಲ್ಲರ ಹೆಗಲ ಮೇಲೂ ಕೈಯಿಟ್ಟು ಮಾತಾಡುತ್ತಿದ್ದರು, ಗೂಟನ ಸುಟ್ಟ ಹೆಗಲ ಮೇಲೂ. ಒಂದು ಮಧ್ಯಾಹ್ನ ಎರಡೂ ವಿಭಾಗದವರನ್ನು ಕ್ಯಾಂಟೀನಿಗೆ ಕರೆಸಿದರು.

"ಒಂದೇ ಕಡೆ ವಾಲಿರೋ ಆಟ ಯಾರು ನೋಡ್ತಾರೆ ಹೇಳಿ? ಮಧ್ಯಾಹ್ನ ಆಗೋ ಅಷ್ಟರಲ್ಲಿ ಕುರ್ಚಿ ಎಲ್ಲಾ ಖಾಲಿ. ಈ ವರ್ಷದಿಂದ ಚುಟುಕಾಗಿ ಆಡೋಣ. ಇಬ್ರಿಗೂ ಹದಿನೈದು ಓವರ್. ಬಣ್ಣದ ಶರ್ಟ್, ಮೈಕು, ಹಾಡು. ಚಿಕ್ಕ ಆಟದಲ್ಲಿ ಯಾರು ಬೇಕಾದ್ರೂ ಗೆಲ್ಲಬಹುದು. ಏನಂತೀರಿ?"

ಕಿಡಿ ಎದ್ದು ನಿಂತ. "ಒಳ್ಳೇದೇ ಸಾರ್. ಪಾಪ, ಪ್ಯಾಕಿಂಗ್‌ನೋರಿಗೂ ಒಂದು ಚಾನ್ಸ್ ಸಿಗ್ಲಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ಆ 'ಪಾಪ' ಎನ್ನುವ ಮಾತು ಬಿದ್ದ ಕೂಡಲೇ ನನ್ನ ಪಕ್ಕದ ಬೆಂಚು ಕಿರುಗುಟ್ಟಿತು. ಗೂಟ ಎದ್ದಿದ್ದ.

"ಪಾಪ ಯಾರಿಗೆ ಅಂದೆ?"

"ಅಣ್ಣ, ನಾನು ಸುಮ್ನೆ..."

"ಸುಮ್ನೆ ಇರು." ಗೂಟ ಮ್ಯಾನೇಜರ್ ಕಡೆ ತಿರುಗಿದ. "ಸಾರ್, ಆಟ ವಾಲಿದೆ ಅಂತೀರಿ. ವಾಲಿಸಿದ್ದು ಯಾರು? ಗಟ್ಟಿ ಇರೋರನ್ನೆಲ್ಲ ಕುಲುಮೆಗೆ ಹಾಕ್ತೀರಿ. ಸುಟ್ಟೋರನ್ನ, ಸವೆದೋರನ್ನ ನಮ್ಮ ಕಡೆ ತಳ್ತೀರಿ. ಮೈದಾನದ ಬೀಗದ ಕೈ ವರ್ಷ ಪೂರ್ತಿ ಅವರ ಹತ್ರ. ನಾವು ಆ ಹುಲ್ಲಿನ ಮೇಲೆ ಕಾಲಿಡೋದು ಸೋಲೋ ದಿನ ಮಾತ್ರ. ಅದನ್ನ ಬದಲಾಯ್ಸಿ. ನಮಗೂ ವಾರಕ್ಕೊಂದು ದಿನ ಮೈದಾನ ಕೊಡಿ. ಆಟದ ತಂಟೆಗೆ ಯಾಕೆ ಬರ್ತೀರಿ?"

ಮ್ಯಾನೇಜರ್ ನಗುತ್ತಲೇ ಇದ್ದರು. "ಅದನ್ನೂ ನೋಡೋಣ. ಮೊದಲು ಇದಾಗ್ಲಿ."

"ಉದ್ದದ ಆಟದಲ್ಲಿ ನಮ್ಮಂಥೋರಿಗೆ ಒಂದು ದಾರಿ ಇದೆ ಸಾರ್. ಗೆಲ್ಲೋಕೆ ಆಗದೇ ಇದ್ರೂ ಸೋಲದೇ ಉಳೀಬಹುದು. ನಿಮ್ಮ ಚಿಕ್ಕ ಆಟದಲ್ಲಿ ಅದೂ ಇಲ್ಲ. ಅದೃಷ್ಟ ಇದ್ರೆ ಗೆದ್ರಿ, ಇಲ್ಲಾಂದ್ರೆ ಎದ್ದು ಹೋಗಿ. ಅದು ಆಟ ಅಲ್ಲ, ಚೀಟಿ ಎತ್ತೋದು."

ಅವನಿಗೆ ಎದುರು ಮಾತಾಡಿದವನು ಕುಲುಮೆಯವನಲ್ಲ, ನಮ್ಮವನೇ. ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಯುವಕ, ಕೂತಲ್ಲಿ ಕೂರದವನು, ಅದಕ್ಕೇ ಸ್ಪ್ರಿಂಗ್ ಎಂದು ಹೆಸರು. ಕುಲುಮೆಯ ಶಾಖಕ್ಕೆ ಮೂರ್ಛೆ ಬೀಳುತ್ತಾನೆ ಎಂದು ನಮ್ಮಲ್ಲಿಗೆ ಕಳಿಸಿದ್ದರು.

"ಗೂಟಣ್ಣ, ನಿನಗೆ ಸೋಲದೇ ಇದ್ರೆ ಸಾಕು. ನನಗೆ ಸಾಕಾಗಲ್ಲ. ನಾನು ಒಂದ್ಸಲ ಗೆಲ್ಬೇಕು. ಇಡೀ ದಿನ ಬಿಸಿಲಲ್ಲಿ ತಡೀತಾ ನಿಂತು, ಸಂಜೆ ಸೈರನ್ ಆದ್ಮೇಲೆ 'ಸದ್ಯ ಸಾಯಲಿಲ್ಲ' ಅಂತ ಮನೆಗೆ ಹೋಗೋದು ನನ್ನ ಕೈಲಿ ಆಗಲ್ಲ."

ನ್ಯಾಯವಾದ ಮಾತೇ. ಕೈ ಎತ್ತಿ ಎಂದರು ಮ್ಯಾನೇಜರ್. ಕುಲುಮೆಯ ಕೈಗಳೆಲ್ಲ ಎದ್ದವು, ನಮ್ಮವರ ಕೈಗಳೂ ಹೆಚ್ಚುಕಡಿಮೆ ಎಲ್ಲ ಎದ್ದವು. ನಾನು ಎತ್ತಲಿಲ್ಲ. ನನಗೇನೂ ದೊಡ್ಡ ತತ್ವವಿರಲಿಲ್ಲ, ಗೂಟನ ಪಕ್ಕದಲ್ಲಿ ಕೂತಿದ್ದೆ.

ಅವನು ಆಡುವುದಿಲ್ಲ ಎಂದ. ಆಟದ ದಿನ ಮೈದಾನದೊಳಕ್ಕೂ ಬರಲಿಲ್ಲ. ಕಾಂಪೌಂಡಿನ ಆಚೆ, ಒಡೆದ ಇಟ್ಟಿಗೆಗಳ ಗುಡ್ಡೆ ಹತ್ತಿ ನಿಂತು ನೋಡಿದ. ಒಳಗೆ ಜನ ತುಂಬಿದ್ದರು, ಮೈಕಿನವನು ಗಂಟಲು ಹರಿದುಕೊಳ್ಳುತ್ತಿದ್ದ. ಮೊದಲು ಆಡಿದ ಕುಲುಮೆಯವರು ಚೆನ್ನಾಗಿಯೇ ಹೊಡೆದರು. ನಮ್ಮವರು ಶುರುಮಾಡಿದ ಮೇಲೆ ಎಂದಿನಂತೆ ಒಬ್ಬೊಬ್ಬರೇ ಹೋಗಿ ಬರತೊಡಗಿದರು. ಆದರೆ ಸ್ಪ್ರಿಂಗ್ ನಿಂತಿದ್ದ. ಕೊನೆಯ ಎರಡು ಓವರುಗಳಲ್ಲಿ ಒಂದನ್ನು ಕಿಡಿ ಹಾಕಿದ. ಆ ಓವರಿನಲ್ಲಿ ಸ್ಪ್ರಿಂಗ್ ಮೂರು ಸಲ ಚೆಂಡನ್ನು ಗೋಡೆಯಾಚೆ ಕಳಿಸಿದ. ಒಂದಂತೂ ಗೂಟ ನಿಂತಿದ್ದ ಇಟ್ಟಿಗೆ ಗುಡ್ಡೆಯ ಹತ್ತಿರವೇ ಬಿತ್ತು. ಅವನು ಎತ್ತಿ ಎಸೆಯಲಿಲ್ಲ.

ನಾವು ಗೆದ್ದೆವು. ಅಪ್ಪಂದಿರ ಕಾಲದಿಂದ ಆಗದ್ದು ಆಯಿತು. ಸೊಂಟ ಬಿದ್ದವರೂ ಕುಣಿದರು. ಗೆದ್ದವರ ಕಪ್ಪನ್ನು, ಕುಲುಮೆಯ ಹಳೆ ಮೇಸ್ತ್ರಿಯೊಬ್ಬ ಊದಿ ಮಾಡಿದ ನೀಲಿ ಗಾಜಿನ ಬಟ್ಟಲನ್ನು, ಮ್ಯಾನೇಜರ್ ಸ್ಪ್ರಿಂಗ್ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡರು. ನಾನು ತಿರುಗಿ ನೋಡಿದಾಗ ಇಟ್ಟಿಗೆ ಗುಡ್ಡೆಯ ಮೇಲೆ ಯಾರೂ ಇರಲಿಲ್ಲ.

ಸಂಜೆ ನಮ್ಮವರ ಸಂಭ್ರಮಕ್ಕೆ ಗೂಟನನ್ನು ಹೊರಡಿಸಿಕೊಂಡು ಬರೋಣ ಎಂದು ಅವನ ಮನೆಗೆ ಹೋದೆ. ಅಂಗಳದಲ್ಲಿ ಅವನ ತಾಯಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಕಿಡಿ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದ. ಗೂಟ ಅವನೆದುರು ನಿಂತಿದ್ದ.

"ಯಾರು ಹೇಳಿದ್ದು ನಿನಗೆ?"

"ಏನು ಹೇಳಿದ್ದು?"

"ನಾನು ನಿನಗೆ ಬಾಲ್ ಹಿಡಿಯೋದು ಕಲಿಸಿದೋನು ಕಣೋ. ನಿನ್ನ ಮುಂಗಾಲು ಎಲ್ಲಿ ಬೀಳುತ್ತೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ಇವತ್ತು ಆ ಓವರ್‌ನಲ್ಲಿ ನೀನು ಓಡಿ ಬರಲಿಲ್ಲ, ನಡ್ಕೊಂಡು ಬಂದೆ. ಹೊಡಿ ಅಂತ ಅವನ ಬ್ಯಾಟಿಗೇ ಇಟ್ಟೆ. ಯಾರು ಹೇಳಿದ್ದು?"

ಕಿಡಿ ನಲ್ಲಿ ನಿಲ್ಲಿಸಿದ.

"ಮ್ಯಾನೇಜರ್ ಒಂದು ಮಾತು ಅಂದ್ರು. ಮೊದಲ್ನೇ ವರ್ಷ, ಪ್ಯಾಕಿಂಗ್‌ನೋರು ಗೆದ್ರೆ ಎಲ್ಲರಿಗೂ ಹುರುಪು ಬರುತ್ತೆ ಅಂತ. ನಾನೂ ಯೋಚ್ನೆ ಮಾಡ್ದೆ. ಅವರು ಒಂದ್ಸಲ ನಗ್ಲಿ, ನಮ್ಮದೇನು ಹೋಗುತ್ತೆ ಅಂತ."

"ಇಷ್ಟು ವರ್ಷ ನಿನ್ನ ಬಾಲಿಗೆ ನಾನು ಎದೆ ಕೊಟ್ಟಿದ್ದೀನಿ, ಪಕ್ಕೆಲುಬು ಕೊಟ್ಟಿದ್ದೀನಿ. ಸ್ವಂತ ಅಣ್ಣ ಅಂತ ಒಂದ್ಸಲನೂ ನೀನು ಕೈ ತಡೀಲಿಲ್ಲ. ಅದೊಂದೇ ಮರ್ಯಾದೆ ಕಣೋ ನಮಗೆ ಆ ಕಾರ್ಖಾನೆಯಲ್ಲಿ ಸಿಗ್ತಿದ್ದದ್ದು. ಅದನ್ನೂ ಇವತ್ತು ತೆಗೆದುಬಿಟ್ಟೆ."

"ಅಣ್ಣ, ಒಂದು ಆಟಕ್ಕೆ ಇಷ್ಟೊಂದು..."

ಗೂಟ ಪಕ್ಕದಲ್ಲಿದ್ದ ತುಂಬಿದ ಬಕೆಟ್ಟನ್ನು ಒದ್ದ. ನೀರು ಅಂಗಳದ ತುಂಬ ಹರಿಯಿತು. ತಾಯಿ ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು ಎದ್ದಳು.

"ಕಿತ್ತಾಡೋದಾದ್ರೆ ಬೀದಿಗೆ ಹೋಗಿ ಕಿತ್ತಾಡಿ. ಈ ನೀರನ್ನ ನಿಮ್ಮಪ್ಪ ಬಂದು ಹಿಡಿದು ಇಡಲ್ಲ."

ಹೊರಡೋಣ ಎಂದು ಗೂಟನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಬಂದ ದಾರಿಯಲ್ಲೇ ತಿರುಗಿದೆ.

ಮರುದಿನ ಪಾಳಿ ಬದಲಾಗುವ ಹೊತ್ತು. ಹೊರಗೆ ಹೋಗುವವರು, ಒಳಗೆ ಬರುವವರು ಅಂಗಳದಲ್ಲಿ ಕಿಕ್ಕಿರಿದಿದ್ದರು. ಪ್ಯಾಕಿಂಗಿನ ಗೋಡೆಗೆ ಹೊಸದಾಗಿ ಹಲಗೆ ಹೊಡೆದು ಸ್ಪ್ರಿಂಗ್ ಆ ನೀಲಿ ಬಟ್ಟಲನ್ನು ಇಟ್ಟಿದ್ದ. ಗೂಟ ಬಂದವನೇ ಅದನ್ನು ಎತ್ತಿಕೊಂಡ. ಅಭ್ಯಾಸಬಲದಿಂದಲೋ ಏನೋ, ಉಗುರಿನಿಂದ ಒಮ್ಮೆ ತಟ್ಟಿದ. ಸದ್ದು ಸರಿಯಾಗಿಯೇ ಬಂತು. ನಂತರ ಅದನ್ನು ಹಿಡಿದು ಅಂಗಳ ದಾಟಿ, ಎಲ್ಲರೂ ನೋಡುತ್ತಿದ್ದಂತೆ, ಒಡಕು ತೊಟ್ಟಿಗೆ ಎಸೆದ. ಅದು ಚೂರಾದ ಸದ್ದಿಗೆ ಕುಲುಮೆಯ ಬಾಗಿಲಲ್ಲಿದ್ದವರೂ ತಿರುಗಿ ನೋಡಿದರು.

ಸ್ಪ್ರಿಂಗ್ ಓಡಿ ಬಂದು ಅವನ ಕೊರಳಪಟ್ಟಿ ಹಿಡಿದ. "ನಿನಗೆ ಹೊಟ್ಟೆಕಿಚ್ಚು. ನೀನು ಒಂದು ದಿನನೂ ಗೆಲ್ಲಲಿಲ್ಲ, ನಾವು ಗೆದ್ದದ್ದು ನಿನಗೆ ಸಹಿಸೋಕಾಗಲಿಲ್ಲ."

ಗೂಟ ಕೈ ಬಿಡಿಸಿಕೊಳ್ಳಲಿಲ್ಲ. "ನೀನು ಹೊಡೆದ ಸಿಕ್ಸರ್ ನಿನ್ನದಲ್ಲ. ಅಲ್ಲಿ ನಿಂತಿದ್ದಾನೆ, ಅವನನ್ನ ಕೇಳು."

ಕಿಡಿ ಕುಲುಮೆಯ ಬಾಗಿಲಲ್ಲೇ ನಿಂತಿದ್ದ. ಅವನು ಸುಳ್ಳು ಹೇಳಬಹುದಿತ್ತು. ನಕ್ಕು ತಳ್ಳಿಹಾಕಿದ್ದರೆ ಎಲ್ಲರೂ ಅವನನ್ನೇ ನಂಬುತ್ತಿದ್ದರು, ಗೂಟನನ್ನು ಯಾರೂ ನಂಬುತ್ತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ತಲೆ ತಗ್ಗಿಸಿದ. ಸ್ಪ್ರಿಂಗ್ ಅವನನ್ನು ನೋಡಿದ, ಗೂಟನನ್ನು ನೋಡಿದ, ಮತ್ತೆ ಅವನನ್ನು ನೋಡಿದ. ಕೊರಳಪಟ್ಟಿಯ ಮೇಲಿನ ಕೈ ತಾನಾಗಿ ಜಾರಿತು. ಆ ಹುಡುಗ ರಾತ್ರಿಯೆಲ್ಲ ಮನೆಮಂದಿಗೆ ಆ ಮೂರು ಹೊಡೆತಗಳನ್ನು ಮತ್ತೆ ಮತ್ತೆ ಆಡಿ ತೋರಿಸಿದ್ದನಂತೆ. ಅವನ ಮುಖ ನೋಡಿದಾಗ ನನಗೂ ಮೈಯೆಲ್ಲ ಉರಿದುಹೋಯಿತು. ಸೋಲಿಸಿದ್ದರೆ ಮರೆಯಬಹುದಿತ್ತು. ಗೆಲ್ಲಿಸಿ ನಮ್ಮನ್ನು ಬೀದಿಯಲ್ಲಿ ಕುಣಿಸಿದ್ದರು.

ಕಂಪನಿಯ ವಸ್ತು ಒಡೆದದ್ದಕ್ಕೆ ಗೂಟನನ್ನು ಕೆಲಸದಿಂದ ಒಂದು ವಾರ ದೂರ ಇಟ್ಟರು. ನಾವು ನಾಲ್ಕಾರು ಜನ ಮ್ಯಾನೇಜರ್ ಹತ್ತಿರ ಹೋದೆವು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ನಿಮ್ಮ ಸಂತೋಷಕ್ಕೇ ಮಾಡಿದ್ದಲ್ವಾ?" ಎಂದರು.

"ನಮ್ಮ ಸಂತೋಷ ನಾವೇ ನೋಡ್ಕೋತೀವಿ ಸಾರ್," ಎಂದ ಸ್ಪ್ರಿಂಗ್. ಮೊದಲ ಸಲ ಅವನು ಅಲುಗಾಡದೆ ನಿಂತದ್ದನ್ನು ನಾನು ಕಂಡೆ.

ಆ ಸಂಜೆಯೇ ಅವನು ಗೂಟನ ಮನೆಗೆ ಹೋದ. ನಿಲ್ಲುವುದನ್ನು ಕಲಿಸು ಎಂದು ಕೇಳಿದ. ಗೂಟ ಬಾಗಿಲಲ್ಲೇ ಚೆನ್ನಾಗಿ ಉಗಿದು ಕಳಿಸಿದ. ಮರುದಿನವೂ ಬಂದ, ಮತ್ತೆ ಉಗಿಸಿಕೊಂಡ. ಕೊನೆಗೆ ತಾಯಿಯೇ, "ಬೈಯೋದಾದ್ರೆ ಒಳಗೆ ಕರ್ಕೊಂಡು ಬೈಯಿ, ಓಣಿಯೋರೆಲ್ಲ ಕಿಟಕಿ ತೆಗೀತಾರೆ," ಎಂದಳು. ಹೀಗೆ ಪಾಠ ಶುರುವಾಯಿತು. ಮೈದಾನ ನಮಗೆ ಕೊಡಲಿಲ್ಲವಾದ್ದರಿಂದ ರೈಲ್ವೆ ಗೋದಾಮಿನ ಹಿಂದಿನ ಗಟ್ಟಿ ನೆಲದಲ್ಲಿ ಆಡಿದೆವು. ಕಲಿಸುವವನು ಹೊಗಳಿದ್ದೇ ಇಲ್ಲ. "ಬಾಲಿನ ಹಿಂದೆ ಯಾಕೋ ಹೋಗ್ತೀಯ, ಅದೇನು ನಿನ್ನ ಹೆಂಡ್ತೀನಾ? ಬಿಡು, ಹೋಗ್ಲಿ," ಎಂದು ಅವನು ಕೂಗುವುದು ಸರಕು ಇಳಿಸುವವರಿಗೂ ಬಾಯಿಪಾಠವಾಗಿತ್ತು.

ಅತ್ತ ಮನೆಯಲ್ಲಿ ಅಣ್ಣತಮ್ಮಂದಿರ ಮಾತು ನಿಂತೇ ಹೋಯಿತು. ಏನು ಹೇಳುವುದಿದ್ದರೂ ತಾಯಿಯ ಮೂಲಕ. ಒಂದೇ ಅಂಗಳದಲ್ಲಿ ಎರಡು ಮಾರು ದೂರ ನಿಂತು, "ಅಮ್ಮ, ನಲ್ಲಿ ಬಿಡು ಅಂತ ಹೇಳು ಅವನಿಗೆ," ಎನ್ನುವವನೊಬ್ಬ. "ಅಮ್ಮ, ಅವನ ಬಕೆಟ್ ಇನ್ನೂ ತುಂಬಿಲ್ವಾ ಕೇಳು," ಎನ್ನುವವನೊಬ್ಬ. ತಾಯಿ ಕೆಲವೊಮ್ಮೆ ಬೇಕೆಂದೇ ತಪ್ಪು ಸುದ್ದಿ ದಾಟಿಸುತ್ತಿದ್ದಳಂತೆ. ಹೆಂಡತಿಯರಿಬ್ಬರೂ ಬೆನ್ನು ತಿರುಗಿಸಿ ನಗುತ್ತಿದ್ದರು.

ಬೇಸಿಗೆ ಕಳೆದ ಮೇಲೆ ಒಂದು ದಿನ ಗೂಟ ಹೇಳಿದ. "ಅಮ್ಮ, ಅವನಿಗೆ ಹೇಳು. ಭಾನುವಾರ, ಗೋದಾಮಿನ ಹಿಂದೆ. ಹಳೇ ಆಟ, ಇಡೀ ದಿನ. ಸಿಗ್ನಲ್ ಕಂಬದ ದೀಪ ಹತ್ತೋವರೆಗೆ. ಪೂರ್ತಿ ಕೈಯಿಂದ ಬಾಲ್ ಹಾಕೋದಾದ್ರೆ ಬರ್ಲಿ. ಇಲ್ಲಾಂದ್ರೆ ಮನೇಲಿ ಮಲಕ್ಕೊಳ್ಳಲಿ."

ಕಿಡಿ ಹಲ್ಲು ಕಚ್ಚಿಕೊಂಡು ಹೇಳಿದನಂತೆ. "ಅಮ್ಮ, ಹೆಲ್ಮೆಟ್ ತರೋಕೆ ಹೇಳು."

ಅವತ್ತು ಮೈಕು ಇರಲಿಲ್ಲ, ಕುರ್ಚಿ ಇರಲಿಲ್ಲ. ಆದರೂ ಎರಡೂ ಕಡೆಯವರು ಬಂದರು. ಕುಲುಮೆಯವರಿಗೂ ಆ ಬಿಟ್ಟುಕೊಟ್ಟ ಆಟ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಅವರಿಗೂ ಸಿಟ್ಟು, ನಮಗೂ ಸಿಟ್ಟು. ಅವರು ಮಧ್ಯಾಹ್ನದವರೆಗೆ ಮನಸೋ ಇಚ್ಛೆ ಹೊಡೆದು ಬ್ಯಾಟಿಂಗ್ ನಮಗೆ ಬಿಟ್ಟುಕೊಟ್ಟರು. ಗೂಟ ಮತ್ತು ಸ್ಪ್ರಿಂಗ್ ಆಡಲು ಹೋದರು.

ಕಿಡಿ ಅವತ್ತು ಹಾಕಿದಂಥ ಬಾಲನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಗಟ್ಟಿ ನೆಲದಿಂದ ಚೆಂಡು ಹಾವಿನಂತೆ ಎದ್ದೇಳುತ್ತಿತ್ತು. ಒಂದು ನೇರವಾಗಿ ಗೂಟನ ಸುಟ್ಟ ಹೆಗಲಿಗೇ ಬಡಿಯಿತು. ಅವನು ಮಂಡಿಯೂರಿ ಕೂತ. ನಾವು ಓಡಿದೆವು. ಕಿಡಿ ಮಾತ್ರ ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ತಿರುಗಿ ತನ್ನ ಓಟ ಶುರುವಾಗುವ ಗುರುತಿನ ಕಡೆ ನಡೆದ. ಗೂಟ ತಲೆ ಎತ್ತಿ ಆ ಬೆನ್ನನ್ನು ನೋಡಿದ. ನಮಗೆಲ್ಲ "ಹೋಗ್ರೋ ಆಚೆ," ಎಂದು ಗದರಿ ಎದ್ದು ನಿಂತ. ನೋವಿನಿಂದ ಮುಖ ಕಿವುಚಿಕೊಂಡಿತ್ತು, ಆದರೆ ತಿಂಗಳುಗಟ್ಟಲೆ ಆ ಮುಖದ ಮೇಲಿದ್ದ ಬೇರೊಂದು ಬಿಗಿ ಸಡಿಲವಾಗಿತ್ತು.

ಸ್ಪ್ರಿಂಗ್ ಚಹಾ ಹೊತ್ತಿನವರೆಗೂ ನಿಂತ, ನಂಬುತ್ತೀರೋ ಇಲ್ಲವೋ. ಆಮೇಲೆ ತಾಳ್ಮೆ ಕೈಕೊಟ್ಟಿತು, ಎತ್ತಿ ಹೊಡೆಯಲು ಹೋಗಿ ಕ್ಯಾಚು ಕೊಟ್ಟ. ಗೂಟನಿಂದ ಬೈಸಿಕೊಳ್ಳಲು ಹೆದರಿ ಅವನ ಕಡೆ ನೋಡದೆ ಓಡಿಬಂದ. ಅಲ್ಲಿಂದ ಒಬ್ಬೊಬ್ಬರೇ ಉದುರಿದರು. ಕೊನೆಯವನಾಗಿ ನಾನು ಹೋದಾಗ ನೆರಳುಗಳು ಗೋದಾಮಿನ ಗೋಡೆ ಹತ್ತಿದ್ದವು. "ನೀನು ಬ್ಯಾಟ್ ಬೀಸಿದ್ರೆ ನಾಳೆಯಿಂದ ಜಾಡಿ ನಿನ್ನ ತಲೆ ಮೇಲೆ ತಟ್ತೀನಿ," ಎಂದ ಗೂಟ. ನಾನು ಬೀಸಲಿಲ್ಲ. ಕಣ್ಣು ಮುಚ್ಚಿಕೊಂಡು ಬ್ಯಾಟನ್ನು ನೆಲಕ್ಕೆ ಒತ್ತಿ ಹಿಡಿದೆ, ಚೆಂಡುಗಳು ತಾವಾಗಿ ಬಂದು ಬಡಿದು ಹೋದವು. ಎಲ್ಲರೂ ಸಿಗ್ನಲ್ ಕಂಬದತ್ತ ಕತ್ತು ಉದ್ದ ಮಾಡತೊಡಗಿದ್ದರು.

ಆಗ ಕಿಡಿ ಗೂಟನಿಗೆ ಒಂದು ಬಾಲು ಹಾಕಿದ. ಅದೇ ಓಟ, ಅದೇ ಬೀಸು. ಆದರೆ ಚೆಂಡು ಕೈಯಿಂದ ಹೊರಟದ್ದೇ ತಡವಾಗಿ, ಗಾಳಿಯಲ್ಲಿ ತೂಕಡಿಸುತ್ತ ಬಂತು. ಗೂಟನ ಬ್ಯಾಟು ಮೊದಲೇ ಮುಂದೆ ಹೋಗಿಬಿಟ್ಟಿತ್ತು. ಚೆಂಡು ಅದರ ಹಿಂದಿನಿಂದ ನುಸುಳಿ ನಡುವಿನ ವಿಕೆಟ್ಟನ್ನು ಉರುಳಿಸಿತು.

ಸೋತೆವು. ಕುಲುಮೆಯವರು ಕೂಗಿದರು, ಮನಸಾರೆ ಕೂಗಿದರು. ಗೂಟ ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ನೇರವಾಗಿ ತಮ್ಮನ ಹತ್ತಿರ ಹೋದ.

"ಆ ಬಾಲು ಯಾವಾಗಿಂದ ಇದೆ ನಿನ್ನ ಹತ್ರ?"

"ಬಹಳ ವರ್ಷದಿಂದ ಇದೆ."

"ಮತ್ತೆ ನನಗೆ ಯಾವತ್ತೂ ಹಾಕಿಲ್ಲ?"

"ಬೇಕಾಗಿರ್ಲಿಲ್ಲ," ಎಂದ ಕಿಡಿ.

"ಬೇಕಾಗಿರ್ಲಿಲ್ಲ ಅಂದ್ರೆ?" ಗೂಟನ ಗಂಟಲು ಏರಿತು. "ಆ ಸೋಲದ ದಿನ? ಅವತ್ತು ಇಡೀ ಮಧ್ಯಾಹ್ನ ನಿಂತಿದ್ದೆನಲ್ಲೋ. ಅವತ್ತು ಬೇಕಾಗಿರ್ಲಿಲ್ವಾ?"

"ಅವತ್ತು ಇರ್ಲಿಲ್ಲ ನನ್ನ ಹತ್ರ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಆಮೇಲೆ ಕಲಿತದ್ದು. ನೀನು ಮತ್ತೆ ಹಾಗೆ ನಿಂತ್ರೆ ಇರ್ಲಿ ಅಂತ. ನೀನು ನಿಲ್ಲಲೇ ಇಲ್ಲ, ಇವತ್ತಿನವರೆಗೆ."

ಗೂಟ ಎಂದಿನಂತೆ ಬೈಯತೊಡಗಿದ. ಓಡುವ ರೀತಿ ಸರಿಯಿಲ್ಲ, ಹೆಗಲು ಬೇಗ ಬಿಡುತ್ತೀಯ, ಇನ್ನೆರಡು ವರ್ಷಕ್ಕೆ ಸೊಂಟ ಹೋಗುತ್ತೆ ನೋಡು ಎಂದು ಮನೆಯವರೆಗೂ ಬೈದ. ಕಿಡಿಯೂ ಬಿಡಲಿಲ್ಲ. ಇಬ್ಬರೂ ಕೂಗಾಡುತ್ತ ಓಣಿ ಹೊಕ್ಕಾಗ ತಾಯಿ ಬಾಗಿಲಿಗೆ ಬಂದು, ಇನ್ನು ಮೇಲೆ ಸುದ್ದಿ ದಾಟಿಸುವ ಕೆಲಸ ತನಗಿಲ್ಲ ಎಂದು ತಿಳಿದು ಒಳಗೆ ಹೋದಳು.

ಮ್ಯಾನೇಜರ್ ಅವರ ಚಿಕ್ಕ ಆಟ ಈಗಲೂ ನಡೆಯುತ್ತದೆ, ಮೈಕು ಹಾಡುಗಳ ಜೊತೆ. ಯಾವುದು ನಿಜವಾದ ಆಟ ಎಂಬ ಜಗಳ ಕ್ಯಾಂಟೀನಿನಲ್ಲಿ ಇನ್ನೂ ಮುಗಿದಿಲ್ಲ. ಮೈದಾನದ ಬೀಗದ ಕೈಯನ್ನು ನಮಗೆ ಇನ್ನೂ ಕೊಟ್ಟಿಲ್ಲ, ಅದನ್ನು ಕೇಳುವುದನ್ನು ನಾವೂ ಬಿಟ್ಟಿಲ್ಲ. ವರ್ಷಕ್ಕೊಂದು ಭಾನುವಾರ ಗೋದಾಮಿನ ಹಿಂದೆ ನಡೆಯುವ ಹಳೇ ಆಟಕ್ಕೆ ಸ್ಪ್ರಿಂಗ್ ನಮ್ಮ ನಾಯಕ. ಗೂಟ ಕೆಲಸದಿಂದ ನಿವೃತ್ತನಾದ ಮೇಲೆ ಹೆಗಲು ಪೂರ್ತಿ ಬಿಗಿದುಕೊಂಡಿತು, ಆಡುವುದನ್ನು ನಿಲ್ಲಿಸಿದ. ಆದರೂ ಆ ಭಾನುವಾರ ಬೆಳಿಗ್ಗೆಯೇ ಬಂದು ಗೋದಾಮಿನ ಮೆಟ್ಟಿಲ ಮೇಲೆ ಕೂರುತ್ತಾನೆ. ಹೋದ ಸಲ ಸ್ಪ್ರಿಂಗ್ ಕಿಡಿಯ ಬಾಲನ್ನು ಎತ್ತಿ ರೈಲು ಹಳಿಯಾಚೆ ಹೊಡೆದ. ಅದು ಯಾರೂ ಬಿಟ್ಟುಕೊಟ್ಟದ್ದಲ್ಲ, ನ್ಯಾಯವಾದ ಸಿಕ್ಸರ್. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಗೂಟ ಮೆಟ್ಟಿಲಿಂದೆದ್ದು, "ಯಾರೋ ಹೇಳಿದ್ದು ನಿನಗೆ ಹೊಡಿ ಅಂತ? ಇನ್ನೂ ಅರ್ಧ ದಿನ ಇದೆ," ಎಂದು ಕೂಗಿದ.